ಕಥೆಯ ಕೊನೆ, ಚರಿತ್ರೆಯ ಕೊನೆ

ಕಾದಂಬರಿಯೊಂದನ್ನು ಓದಿದ ಮೇಲೆ ಮನಸ್ಸಿನಲ್ಲಿ ಬಹುಕಾಲ ಉಳಿಯುವ ಭಾಗವೆಂದರೆ ಅದರ ಕೊನೆ. ನಡುವಿನ ಅನೇಕ ಪ್ರಸಂಗಗಳು ಮಾಸಿಹೋಗಬಹುದು. ಪಾತ್ರಗಳ ಹೆಸರುಗಳೂ ಮರೆತುಹೋಗಬಹುದು. ಆದರೆ ಕಥೆ ಎಲ್ಲಿಗೆ ಬಂದು ನಿಂತಿತು, ನಾಯಕನ ಗತಿ ಏನಾಯಿತು ಎಂಬುದು ಸುಲಭವಾಗಿ ಮರೆಯುವಂಥದಲ್ಲ. ಆದುದರಿಂದಲೇ ಕೊನೆಯ ಅಧ್ಯಾಯವನ್ನು ಬರೆಯುವಾಗ ಎಂತಹ ಸಮರ್ಥ ಲೇಖಕನೂ ಹಿಂಜರಿಯುತ್ತಾನೆ. ಇಂಗ್ಲೆಂಡಿನ ಹೆಸರಾಂತ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ೧೮೬೧ರಲ್ಲಿ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಎಂಬ ಕಾದಂಬರಿಗೆ ಮೊದಲು ಬರೆದಿದ್ದ ಮುಕ್ತಾಯವನ್ನು ಮಿತ್ರನಾದ ಲೇಖಕನೊಬ್ಬನ ಸಲಹೆಯಂತೆ ಅಚ್ಚಿಗೆ ಹೋಗುವ ಮುನ್ನವೇ ಬದಲಿಸಿದನು. ಎರಡರಲ್ಲಿ ಯಾವುದು ಲೇಸು ಎಂಬ ಚರ್ಚೆ ಇಂದಿಗೂ ನಿಂತಿಲ್ಲ.

ಮನೆತನದ ಕಥೆಯನ್ನೋ ಪ್ರೇಮದ ಕಥೆಯನ್ನೋ ಬರೆಯುವವನಿಗೆ ಈ ಬಗೆಯ ಸ್ವಾತಂತ್ರ್ಯ ಉಂಟು. ರಾಜಕೀಯ ಕಾದಂಬರಿಯನ್ನು ಬರೆಯುವವನಿಗೆ ಅದು ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ನಡೆದ ಘರ್ಷಣೆ ಅವನ ಕಥಾವಸ್ತು. ಅದು ಅವನೊಬ್ಬನ ಸೊತ್ತಲ್ಲ. ಒಂದು ಊರಿನ, ಒಂದು ಕಾಲದ ಸೊತ್ತು. ನಡೆದ ಸಂಗತಿಗೆ ನಿಷ್ಠನಾಗಿರಬೇಕೆಂದು ಚರಿತ್ರೆ ಕೇಳುತ್ತದೆ. ತಾನು ನಂಬಿದ ತತ್ತ್ವಕ್ಕೆ ಜಯವಾಗಬೇಕೆಂದು ಅವನ ಮನಸ್ಸು ಕೇಳುತ್ತದೆ. ತಮ್ಮ ಸ್ವಭಾವಕ್ಕೆ ಒಪ್ಪುವಂತೆ ತಮ್ಮನ್ನು ನಡೆಸಿಕೊಳ್ಳಬೇಕೆಂದು ಪಾತ್ರಗಳು ಕೇಳುತ್ತವೆ. ಈ ಮೂರು ಒತ್ತಾಯಗಳ ನಡುವೆ ಸಿಕ್ಕಿದ ಲೇಖಕನು ಲೇಖನಿಯನ್ನು ಎಲ್ಲಿ ಕೆಳಗಿಡಬೇಕು?

ಈ ಪ್ರಶ್ನೆ ಕಾದಂಬರಿಯೊಡನೆ ಹುಟ್ಟಿದುದಲ್ಲ. ಕನ್ನಡ ಸಾಹಿತ್ಯದ ಆರಂಭದಲ್ಲಿಯೇ ಇದು ಕಾಣಿಸಿಕೊಂಡಿದೆ. ಭಾರತ ಯುದ್ಧ ಮುಗಿದ ಮೇಲೆ ಸಿಂಹಾಸನವನ್ನೇರಿದವನು ಧರ್ಮರಾಯನೆಂಬುದು ವ್ಯಾಸಭಾರತದ ಕಥೆ. ಆದರೆ ಕ್ರಿ.ಶ. ೯೪೧ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು ಪಟ್ಟವನ್ನು ಅರ್ಜುನನಿಗೆ ಕಟ್ಟಿದನು; ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಕಾವ್ಯವನ್ನು ಕಟ್ಟಿದ ಮೇಲೆ ಬೇರೆ ಮುಕ್ತಾಯ ಅವನಿಗೆ ಒದಗುವಂತಿರಲಿಲ್ಲ. ಮುಧೋಳದ ಕವಿ ರನ್ನನು ಚಾಳುಕ್ಯ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ‘ಸಾಹಸಭೀಮ ವಿಜಯ’ವನ್ನು ಬರೆದುದರಿಂದ ಅಲ್ಲಿ ಪಟ್ಟ ಭೀಮನಿಗೆ ಸಂದಿತು. ರಾಜಾಸ್ಥಾನದ ಅಗತ್ಯ ಕಾವ್ಯದ ಕೊನೆಯನ್ನು ನಿರ್ಧರಿಸಿದ ಉದಾಹರಣೆಗಳಿವು. ಆದರೂ ರನ್ನನ ಕಾವ್ಯವನ್ನು ಓದಿದವರ ಕಣ್ಣಮುಂದೆ ನಿಲ್ಲುವವನು ಪಟ್ಟವೇರಿದ ಭೀಮನಿಗಿಂತ ಹೆಚ್ಚಾಗಿ, ತೊಡೆಮುರಿದು ಬಿದ್ದರೂ ಛಲವನ್ನು ಬಿಡದ ದುರ್ಯೋಧನ. ಕವಿ ವಿಜಯವನ್ನು ಒಬ್ಬನಿಗೆ ಕೊಟ್ಟನು. ಓದುಗರ ಕನಿಕರವನ್ನೂ ಗೌರವವನ್ನೂ ಸೋತವನಿಗಾಗಿ ಉಳಿಸಿದನು.

ಅದೇ ಮುಧೋಳದ ಸೀಮೆಯಲ್ಲಿ ಎಂಟೂವರೆ ಶತಮಾನಗಳ ಅನಂತರ ಇನ್ನೊಂದು ಬಗೆಯ ಕಥೆ ಹುಟ್ಟಿತು. ೧೮೫೭ರಲ್ಲಿ ಬ್ರಿಟಿಷ್ ಸರ್ಕಾರ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನನ್ನು ಜಾರಿಗೆ ತಂದಾಗ ಹಲಗಲಿಯ ಬೇಡರು ಅದಕ್ಕೆ ಮಣಿಯಲಿಲ್ಲ. ದಂಡು ಬಂದು ಊರನ್ನು ಸುಟ್ಟಿತು. ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಆ ಘಟನೆಯನ್ನು ಹಾಡಿದ ಲಾವಣಿಕಾರನಿಗೆ ಮೆಚ್ಚಿಸಬೇಕಾದ ದೊರೆ ಯಾರೂ ಇರಲಿಲ್ಲ. ಅವನು ಸೋಲನ್ನು ಗೆಲುವೆಂದು ಹಾಡಲಿಲ್ಲ. ಊರು ಬೂದಿಯಾದುದನ್ನು ಬೂದಿಯಾದಂತೆಯೇ ಹಾಡಿದನು. ಬಾದಾಮಿ, ಕೆರೂರು, ಮುಧೋಳಗಳ ಕಡೆಯ ಜನ ಆ ಸೋಲಿನ ಹಾಡನ್ನು ಅಭಿಮಾನದಿಂದ ನೆನೆಯುತ್ತ ಬಂದಿದ್ದಾರೆ. ಕಥೆಯಲ್ಲಿ ಸೋತವರು ಕೇಳುವವರ ನೆನಪಿನಲ್ಲಿ ಸೋಲದೆ ಉಳಿಯಬಲ್ಲರೆಂಬುದಕ್ಕೆ ಈ ಲಾವಣಿಯೇ ಸಾಕ್ಷಿ.

ಭಾರತೀಯ ಭಾಷೆಗಳಲ್ಲಿ ಕಾದಂಬರಿ ಬೆಳೆಯತೊಡಗಿದಾಗ ಈ ಸಮಸ್ಯೆ ಇನ್ನಷ್ಟು ತೀವ್ರವಾಯಿತು. ಬಂಕಿಮಚಂದ್ರ ಚಟರ್ಜಿಯವರ ‘ಆನಂದಮಠ’ ೧೮೮೨ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾಯಿತು. ಬಿ. ವೆಂಕಟಾಚಾರ್ಯರು ಅದನ್ನು ಕನ್ನಡಕ್ಕೆ ತಂದರು. ಸಂನ್ಯಾಸಿಗಳ ದಂಗೆಯನ್ನು ಚಿತ್ರಿಸುವ ಈ ಕೃತಿಯಲ್ಲಿ ಸಂತಾನರು ಯುದ್ಧವನ್ನು ಗೆಲ್ಲುತ್ತಾರೆ. ಆದರೆ ಗೆದ್ದ ಕ್ಷಣದಲ್ಲಿಯೇ ಮಹಾಪುರುಷನೊಬ್ಬನು ಬಂದು, ದೇಶಕ್ಕೆ ಸದ್ಯಕ್ಕೆ ಇಂಗ್ಲಿಷರ ಆಳ್ವಿಕೆ ಅಗತ್ಯವೆಂದು ಹೇಳಿ ನಾಯಕನಾದ ಸತ್ಯಾನಂದನನ್ನು ಕರೆದೊಯ್ಯುತ್ತಾನೆ. ಬಂಕಿಮರು ಸರ್ಕಾರದ ಸೇವೆಯಲ್ಲಿದ್ದ ಡೆಪ್ಯುಟಿ ಮ್ಯಾಜಿಸ್ಟ್ರೇಟರು. ಮುಂದಿನ ಆವೃತ್ತಿಗಳಲ್ಲಿ ಅವರು ಕೆಲವು ಮಾತುಗಳನ್ನು ತಿದ್ದಿದರು. ಗ್ರಂಥದುದ್ದಕ್ಕೂ ಉರಿದ ದೇಶಭಕ್ತಿಗೂ ಅದರ ಕೊನೆಯ ಉಪದೇಶಕ್ಕೂ ಹೊಂದಾಣಿಕೆಯಾಗುವುದಿಲ್ಲವೆಂದು ಓದುಗರಿಗೆ ಅನ್ನಿಸುವುದು ಸಹಜ. ಜನರೂ ಆ ಉಪದೇಶವನ್ನು ಬಿಟ್ಟರು. ‘ವಂದೇ ಮಾತರಂ’ ಗೀತೆಯನ್ನು ಎತ್ತಿಕೊಂಡರು.

ರವೀಂದ್ರನಾಥ ಠಾಕೂರರು ೧೯೧೬ರಲ್ಲಿ ಪ್ರಕಟವಾದ ‘ಘರೇ ಬೈರೇ’ಯಲ್ಲಿ ಬೇರೊಂದು ದಾರಿಯನ್ನು ಹಿಡಿದರು. ಸ್ವದೇಶೀ ಚಳುವಳಿಯ ಆವೇಶ ಗಲಭೆಯಾಗಿ ಮಾರ್ಪಟ್ಟಾಗ ಅದನ್ನು ತಡೆಯಲು ಹೋದ ನಿಖಿಲೇಶನು ತಲೆಗೆ ಗಾಯವಾಗಿ ಮನೆಗೆ ಮರಳುತ್ತಾನೆ. ಅವನು ಬದುಕುವನೋ ಇಲ್ಲವೋ ಎಂಬುದು ಇತ್ಯರ್ಥವಾಗುವ ಮೊದಲೇ ಕಾದಂಬರಿ ಮುಗಿಯುತ್ತದೆ. ರಷ್ಯದ ಮ್ಯಾಕ್ಸಿಂ ಗಾರ್ಕಿ ‘ತಾಯಿ’ ಕಾದಂಬರಿಯನ್ನು (೧೯೦೬) ಸೊರ್ಮೊವೊ ಎಂಬಲ್ಲಿ ೧೯೦೨ರ ಮೇ ದಿನದಂದು ಕಾರ್ಮಿಕರು ನಡೆಸಿದ ಮೆರವಣಿಗೆಯ ಆಧಾರದ ಮೇಲೆ ಬರೆದನು. ಮಗನು ನ್ಯಾಯಾಲಯದಲ್ಲಿ ಆಡಿದ ಮಾತುಗಳನ್ನು ಅಚ್ಚುಮಾಡಿಸಿ ಹಂಚಲು ಹೊರಟ ತಾಯಿಯನ್ನು ರೈಲು ನಿಲ್ದಾಣದಲ್ಲಿ ಪೊಲೀಸರು ಹಿಡಿದು ಹೊಡೆಯುವಲ್ಲಿಗೆ ಆ ಕಥೆ ನಿಲ್ಲುತ್ತದೆ. ಕ್ರಾಂತಿಯ ಜಯವನ್ನು ಗಾರ್ಕಿ ಚಿತ್ರಿಸಲಿಲ್ಲ. ಓದುಬರಹ ಅಷ್ಟಾಗಿ ಬಾರದ, ಹೆದರಿ ಬಾಳಿದ ಹೆಂಗಸೊಬ್ಬಳು ಹೆದರಿಕೆಯನ್ನು ಕಳೆದುಕೊಂಡಳು ಎಂಬಷ್ಟನ್ನೇ ಚಿತ್ರಿಸಿದನು.

ಕನ್ನಡದಲ್ಲಿ ಈ ಸಮಸ್ಯೆಯನ್ನು ಅತ್ಯಂತ ಸ್ಪಷ್ಟವಾಗಿ ಮುಂದಿಡುವ ಕೃತಿ ನಿರಂಜನರ ‘ಚಿರಸ್ಮರಣೆ’. ೧೯೫೫ರಲ್ಲಿ ಪ್ರಕಟವಾದ ಈ ಕಾದಂಬರಿ ಕಯ್ಯೂರಿನ ರೈತರ ಹೋರಾಟವನ್ನು ಕುರಿತದ್ದು. ಕಯ್ಯೂರು ಇಂದು ಕೇರಳದ ಕಾಸರಗೋಡು ಜಿಲ್ಲೆಗೆ ಸೇರಿದೆ. ಘಟನೆ ನಡೆದಾಗಲೂ ಕಾದಂಬರಿ ಪ್ರಕಟವಾದಾಗಲೂ ಕಾಸರಗೋಡು ಪ್ರದೇಶ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ೧೯೫೬ರ ನವೆಂಬರ್ ೧ರಂದು ಅದು ಕೇರಳಕ್ಕೆ ಸೇರಿತು.

ತೇಜಸ್ವಿನಿ ನದಿಯ ದಡದಲ್ಲಿರುವ ಆ ಹಳ್ಳಿಯ ರೈತರು ಜಮೀನ್ದಾರರ ಗೇಣಿದಾರರು. ಬೆಳೆದುದರಲ್ಲಿ ಬಹುಭಾಗ ಗೇಣಿಗೆ ಸಲ್ಲುತ್ತಿತ್ತು. ಅದರ ಮೇಲೆ ಕಾಣಿಕೆ, ಬಿಟ್ಟಿಕೆಲಸಗಳ ಹೊರೆ ಬೇರೆ. ಹೊಲ ಬಿಡಿಸುವ ಭಯ ಸದಾ ತಲೆಯ ಮೇಲೆ ತೂಗುತ್ತಿತ್ತು. ೧೯೩೦ರ ದಶಕದ ಉತ್ತರಾರ್ಧದಲ್ಲಿ ರೈತಸಂಘ ತಲೆಯೆತ್ತಿತು. ೧೯೪೧ರ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಸಂಘದ ಕಾರ್ಯಕರ್ತರನ್ನು ಹಿಡಿದರು, ಥಳಿಸಿದರು. ಇದನ್ನು ಪ್ರತಿಭಟಿಸಿ ಮಾರ್ಚ್ ೨೮ರಂದು ರೈತರು ಮೆರವಣಿಗೆ ಹೊರಟರು. ದಾರಿಯಲ್ಲಿ ಎದುರಾದ ಪೊಲೀಸನೊಬ್ಬನನ್ನು, ಬಾವುಟ ಹಿಡಿದು ತಮ್ಮೊಡನೆ ನಡೆಯುವಂತೆ ಬಲವಂತಪಡಿಸಿದರು. ಅವನು ತಪ್ಪಿಸಿಕೊಂಡು ಓಡಿ ನದಿಗೆ ಹಾರಿದನು. ಗುಂಪು ಕಲ್ಲೆಸೆಯಿತು. ಅವನು ನೀರಿನಲ್ಲಿ ಮುಳುಗಿ ಸತ್ತನು.

ಆಮೇಲೆ ನಡೆದುದು ಊರಿನ ಮೇಲೆ ಪೊಲೀಸರ ದಾಳಿ. ಅರುವತ್ತರಷ್ಟು ಜನರ ಮೇಲೆ ಮೊಕದ್ದಮೆ ಹೂಡಲಾಯಿತು. ಮುಂದೆ ಕೇರಳದ ಮುಖ್ಯಮಂತ್ರಿಯಾದ ಇ. ಕೆ. ನಾಯನಾರ್ ಅವರೂ ಆರೋಪಿಗಳಲ್ಲಿ ಒಬ್ಬರು. ಅವರು ಭೂಗತರಾದುದರಿಂದ ಸೆರೆಸಿಗಲಿಲ್ಲ. ಮಂಗಳೂರಿನಲ್ಲಿ ವಿಚಾರಣೆ ನಡೆಯಿತು. ಐವರಿಗೆ ಮರಣದಂಡನೆ ಎಂದು ತೀರ್ಪಾಯಿತು; ಅವರಲ್ಲಿ ಒಬ್ಬನು ಇನ್ನೂ ಎಳೆಯನೆಂಬ ಕಾರಣದಿಂದ ಗಲ್ಲಿನಿಂದ ಪಾರಾದನು. ಉಳಿದ ನಾಲ್ವರು ಮಠತ್ತಿಲ್ ಅಪ್ಪು, ಕೋಯಿತಾಟ್ಟಿಲ್ ಚಿರುಕಂಡನ್, ಪೊಡೋರ ಕುಂಞಂಬು ನಾಯರ್ ಮತ್ತು ಪಳ್ಳಿಕ್ಕಲ್ ಅಬೂಬಕ್ಕರ್. ೧೯೪೩ರ ಮಾರ್ಚ್ ೨೯ರಂದು ಕಣ್ಣೂರಿನ ಸೆರೆಮನೆಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ಕುಳಕುಂದ ಶಿವರಾಯರೆಂಬುದು ನಿರಂಜನರ ನಿಜನಾಮ. ಅವರು ಹುಟ್ಟಿದುದು ೧೯೨೪ರಲ್ಲಿ. ಕಯ್ಯೂರಿಗೆ ಸಮೀಪದ ನೀಲೇಶ್ವರದಲ್ಲಿ ಅವರು ಪ್ರೌಢಶಾಲೆಯ ವಿದ್ಯಾಭ್ಯಾಸ ಮಾಡಿದರು. ಕಯ್ಯೂರಿನ ಘಟನೆ ನಡೆದಾಗ ಅವರಿಗೆ ಹದಿನಾರು ವರ್ಷ. ಕಮ್ಯೂನಿಸ್ಟ್ ಚಳುವಳಿಯಲ್ಲಿ ದುಡಿದ ಅವರು, ನಾಲ್ವರು ಮಡಿದ ಹನ್ನೆರಡು ವರ್ಷಗಳ ಮೇಲೆ ಅವರ ಕಥೆಯನ್ನು ಕಾದಂಬರಿಯಾಗಿ ಕನ್ನಡಿಗರ ಮುಂದಿಟ್ಟರು. ಕಥೆಯ ಜನರ ಮನೆಮಾತು ಮಲಯಾಳ. ಕಥೆಯ ಭಾಷೆ ಕನ್ನಡ. ನೆರೆಯ ಭಾಷೆಯ ಬಡವರ ಸಂಕಟವನ್ನು ತನ್ನದೆಂದು ಭಾವಿಸಿದ ಲೇಖಕನಿಗೆ ಭಾಷೆಯ ಗಡಿ ಅಡ್ಡಿಯಾಗಲಿಲ್ಲ.

ಇಂತಹ ವಸ್ತುವನ್ನು ಕೈಗೆತ್ತಿಕೊಂಡ ಕಾದಂಬರಿಕಾರನ ಮುಂದೆ ಕೊನೆಯ ಪ್ರಶ್ನೆ ಮೊದಲನೆಯ ಪುಟದಿಂದಲೇ ನಿಂತಿರುತ್ತದೆ. ಅವನಿಗಿರುವ ದಾರಿಗಳಾದರೂ ಯಾವುವು?

ನಾಲ್ವರನ್ನು ಉಳಿಸಿಬಿಡುವುದು ಮೊದಲನೆಯ ದಾರಿ. ಕೊನೆಯ ಗಳಿಗೆಯಲ್ಲಿ ಕ್ಷಮಾದಾನ ಬಂದಿತೆಂದು ಬರೆದರೆ ಓದುಗರಿಗೆ ಸಂತೋಷವಾಗಬಹುದು. ಆದರೆ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಬದುಕಿರುವಾಗ ಅಂತಹ ಸಂತೋಷ ಒಂದು ಸುಳ್ಳು. ಕಲ್ಪನೆಗೆ ಅಧಿಕಾರವಿದೆ, ನಿಜ; ಆದರೆ ನಡೆದುಹೋದ ಸಾವನ್ನು ಅಳಿಸುವ ಅಧಿಕಾರ ಅದಕ್ಕಿಲ್ಲ.

ಮುಂದೆ ಬಂದ ಜಯದೊಡನೆ ಕಥೆಯನ್ನು ಮುಗಿಸುವುದು ಎರಡನೆಯ ದಾರಿ. ೧೯೪೭ರಲ್ಲಿ ಸ್ವಾತಂತ್ರ್ಯ ಬಂದಿತ್ತು. ಬಾವುಟ ಹಾರಿಸಿ ಕಥೆಗೆ ಮಂಗಳ ಹಾಡಬಹುದಾಗಿತ್ತು. ಆದರೆ ಕಯ್ಯೂರಿನ ರೈತರು ಹೋರಾಡಿದುದು ತಾವು ಉಳುವ ಮಣ್ಣಿಗಾಗಿ. ೧೯೫೫ರಲ್ಲಿ ಆ ಮಣ್ಣು ಇನ್ನೂ ಅವರದಾಗಿರಲಿಲ್ಲ. ಕೇರಳದಲ್ಲಿ ಗೇಣಿ ಪದ್ಧತಿಯನ್ನು ಕೊನೆಗಾಣಿಸಿದ ಕಾನೂನು ಜಾರಿಗೆ ಬಂದುದು ೧೯೭೦ರ ಜನವರಿ ೧ರಂದು. ಕರ್ನಾಟಕದಲ್ಲಿ ಅಂತಹ ಕಾನೂನು ಬಂದುದು ೧೯೭೪ರಲ್ಲಿ. ಕಾದಂಬರಿ ಬರೆಯುವ ಹೊತ್ತಿಗೆ ಕಥೆಯ ನಿಜವಾದ ಕೊನೆ ಚರಿತ್ರೆಯಲ್ಲಿಯೇ ಬಂದಿರಲಿಲ್ಲ. ಬಾರದ ಜಯವನ್ನು ಬಂದಿತೆಂದು ಬರೆದರೆ ಅದು ಓದುಗರನ್ನು ಮಲಗಿಸುವ ಜೋಗುಳವಾಗುತ್ತಿತ್ತು.

ಗಲ್ಲಿನೊಡನೆ ಮುಗಿಸುವುದು ಮೂರನೆಯ ದಾರಿ. ಇದು ಸತ್ಯವಾದ ದಾರಿ. ಆದರೆ ಅಪಾಯವಿಲ್ಲದ ದಾರಿಯಲ್ಲ. ತಲೆಯೆತ್ತಿದವರ ಕೊರಳಿಗೆ ಹಗ್ಗ ಬಿತ್ತು ಎಂಬಲ್ಲಿಗೆ ಕಥೆ ನಿಂತರೆ, ತಲೆಯೆತ್ತಬಾರದು ಎಂಬ ಪಾಠವನ್ನೇ ಕೆಲವರು ಅದರಿಂದ ಕಲಿಯಬಹುದು. ನ್ಯಾಯಕ್ಕಾಗಿ ನಿಂತವರ ಕಥೆ ಹೆದರಿಸುವ ಕಥೆಯಾಗಿಬಿಡಬಹುದು.

ಇವೆಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ನದಿಯಲ್ಲಿ ಮುಳುಗಿ ಸತ್ತವನೂ ಮನುಷ್ಯನೇ. ಸಂಬಳಕ್ಕಾಗಿ ಖಾಕಿ ತೊಟ್ಟವನೇ ಹೊರತು ಅವನು ಜಮೀನ್ದಾರನಲ್ಲ. ರೈತರ ಪಕ್ಷದಲ್ಲಿ ನಿಂತು ಬರೆಯುವ ಲೇಖಕನು ಆ ಸಾವನ್ನು ಮುಚ್ಚಿಟ್ಟರೆ ಕಥೆ ಪ್ರಚಾರಪತ್ರವಾಗುತ್ತದೆ. ಅದೊಂದನ್ನೇ ಎತ್ತಿಹಿಡಿದರೆ ವರ್ಷಾನುಗಟ್ಟಲೆ ರೈತರು ಉಂಡ ನೋವು ಮರೆಯಾಗಿ ಕಥೆ ನ್ಯಾಯಾಲಯದ ತೀರ್ಪಿನ ಪ್ರತಿಯಾಗುತ್ತದೆ. ಒಂದು ಸಾವಿಗೆ ನಾಲ್ಕು ಸಾವು ಪರಿಹಾರವಾಯಿತೇ, ಗುಂಪಿನ ಕೃತ್ಯಕ್ಕೆ ನಾಲ್ವರು ಹೊಣೆಯಾದುದು ನ್ಯಾಯವೇ ಎಂಬ ಪ್ರಶ್ನೆಗಳನ್ನು ಓದುಗನು ಎತ್ತಬೇಕಾದರೆ, ಐದು ಸಾವುಗಳೂ ಅವನ ಕಣ್ಣಿಗೆ ಬೀಳಬೇಕು.

‘ಚಿರಸ್ಮರಣೆ’ ಮೂರನೆಯ ದಾರಿಯನ್ನು ತಪ್ಪಿಸುವುದಿಲ್ಲ. ಗಲ್ಲು ಅಲ್ಲಿ ಗಲ್ಲಾಗಿಯೇ ಇದೆ. ಆದರೆ ಆ ಕೊನೆ ಹೆದರಿಸುವ ಕೊನೆಯಾಗದಂತೆ ಕಾಯುವ ಕೆಲಸ ಕಥೆಯ ಆರಂಭದಲ್ಲಿಯೇ ತೊಡಗುತ್ತದೆ. ಅಪ್ಪು ಮತ್ತು ಚಿರುಕಂಡ ಕಾದಂಬರಿಯೊಳಗೆ ಕಾಲಿಡುವುದು ವೀರರಾಗಿ ಅಲ್ಲ, ಶಾಲೆಗೆ ಹೋಗುವ ಹುಡುಗರಾಗಿ. ಮಾಸ್ತರರ ಮಾತು ಅವರ ಕಣ್ಣು ತೆರೆಸುತ್ತದೆ. ಅವರು ಓದುತ್ತಾರೆ, ಕೇಳುತ್ತಾರೆ, ತಮ್ಮ ಮನೆಯ ಬಡತನಕ್ಕೆ ಹಣೆಬರಹವಲ್ಲದೆ ಬೇರೆ ಕಾರಣವಿದೆಯೆಂದು ಅರಿಯುತ್ತಾರೆ. ಅವರು ಬೆಳೆಯುವುದನ್ನು ಕಂಡ ಓದುಗನಿಗೆ, ಅವರ ಸಾವು ಸುದ್ದಿಯಾಗಿ ಉಳಿಯದೆ ಮನೆಯವರ ಅಗಲಿಕೆಯಾಗಿ ತಟ್ಟುತ್ತದೆ. ಏನಾಗುವುದೋ ಎಂಬ ಕುತೂಹಲದ ಸ್ಥಾನದಲ್ಲಿ, ಇವರು ಎಂತಹವರು ಎಂಬ ಅರಿವು ನೆಲೆಗೊಳ್ಳುತ್ತದೆ. ಕರ್ಣನು ಸಾಯುವನೆಂಬುದು ಕೇಳುವವರಿಗೆಲ್ಲ ಮೊದಲೇ ಗೊತ್ತು. ಆದರೂ ಕರ್ಣಪರ್ವದ ವಾಚನಕ್ಕೆ ಜನ ಕುಳಿತು ಕಣ್ಣೀರು ಹಾಕುತ್ತಾರೆ. ಕೊನೆ ತಿಳಿದಿದ್ದರೂ ಕೇಳಬೇಕೆನ್ನಿಸುವ ಗುಣವೇ ದೊಡ್ಡ ಕಥೆಯ ಲಕ್ಷಣ.

ಗ್ರಂಥದ ಹೆಸರಿನಲ್ಲಿಯೂ ಈ ಸಮಸ್ಯೆಗೆ ಉತ್ತರವಿದೆ. ಲೇಖಕರು ಅದನ್ನು ‘ಬಲಿದಾನ’ವೆಂದು ಕರೆದಿದ್ದರೆ ಓದುಗನ ದೃಷ್ಟಿ ಸತ್ತವರ ಮೇಲೆ ನಿಲ್ಲುತ್ತಿತ್ತು. ‘ವಿಜಯ’ವೆಂದು ಕರೆದಿದ್ದರೆ ಅದು ನಿಜವಾಗುತ್ತಿರಲಿಲ್ಲ. ‘ಚಿರಸ್ಮರಣೆ’ ಎಂದಾಗ ದೃಷ್ಟಿ ನೆನೆಯುವವರ ಕಡೆಗೆ ತಿರುಗುತ್ತದೆ. ಸ್ಮರಣೆ ಎಂಬುದು ಸತ್ತವರ ಕೆಲಸವಲ್ಲ, ಬದುಕಿರುವವರ ಕೆಲಸ. ಹೀಗೆ ಕಥೆಯ ಕೊನೆಯ ಹೊಣೆ ಲೇಖಕನ ಕೈಯಿಂದ ಓದುಗನ ಕೈಗೆ ಬರುತ್ತದೆ.

ಆ ಹೊಣೆಯನ್ನು ಹೊತ್ತವರೂ ಇದ್ದಾರೆ. ಕಾದಂಬರಿ ಮಲಯಾಳಕ್ಕೆ ಅನುವಾದಗೊಂಡು, ಯಾರ ಕಥೆಯೋ ಅವರ ಭಾಷೆಗೆ ಹಿಂತಿರುಗಿತು. ನಿರಂಜನರ ಮಗಳು ತೇಜಸ್ವಿನಿ ನಿರಂಜನ ಅದನ್ನು ಇಂಗ್ಲಿಷಿಗೆ ತಂದರು. ಕಯ್ಯೂರಿನ ಹೋರಾಟವನ್ನು ಕುರಿತು ೧೯೮೬ರಲ್ಲಿ ‘ಮೀನಮಾಸತ್ತಿಲೆ ಸೂರ್ಯನ್’ ಎಂಬ ಮಲಯಾಳ ಚಲನಚಿತ್ರ ತೆರೆಕಂಡಿತು. ನಿರಂಜನರು ಹದಿಹರೆಯದವರಿಗಾಗಿ ‘ಜ್ಞಾನ ಗಂಗೋತ್ರಿ’ಯ ಏಳು ಸಂಪುಟಗಳನ್ನೂ, ಲೋಕದ ನಾನಾ ಭಾಷೆಗಳ ಕಥೆಗಳನ್ನೊಳಗೊಂಡ ‘ವಿಶ್ವಕಥಾಕೋಶ’ದ ಇಪ್ಪತ್ತೈದು ಸಂಪುಟಗಳನ್ನೂ ಸಂಪಾದಿಸಿದರು. ಜನ ತಿಳಿದು ಯೋಚಿಸಬೇಕೆಂಬ ಹಂಬಲ ಅವರ ಕಾದಂಬರಿಗಳಿಗೂ ಈ ಗ್ರಂಥಗಳಿಗೂ ಸಮಾನವಾದುದು.

ರಾಜಕೀಯ ಕಾದಂಬರಿಗಳೆಲ್ಲ ಗಲ್ಲಿನಲ್ಲಿಯೇ ಮುಗಿಯಬೇಕಾಗಿಲ್ಲ. ಸ್ವಾತಂತ್ರ್ಯಾನಂತರದ ರಾಜಕೀಯವನ್ನು ಚಿತ್ರಿಸುವ ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ಯಲ್ಲಿ (೧೯೭೮) ರೈತ ನಾಯಕನಾಗಿ ಬೆಳೆದ ಕೃಷ್ಣಪ್ಪನು ಅಧಿಕಾರದ ಹೊಸ್ತಿಲಿಗೆ ಬಂದು ನಿಲ್ಲುತ್ತಾನೆ. ಅಲ್ಲಿ ಎದುರಾಳಿ ಪೊಲೀಸನೂ ಅಲ್ಲ, ಜಮೀನ್ದಾರನೂ ಅಲ್ಲ. ತನ್ನೊಳಗೇ ಹುಟ್ಟಿದ ಆಸೆ. ಕಾಲ ಬದಲಾದಂತೆ ಹೋರಾಟದ ಸ್ವರೂಪ ಬದಲಾಗುತ್ತದೆ. ಹೋರಾಟ ಬದಲಾದಂತೆ ಕಥೆಯ ಮುಕ್ತಾಯವೂ ಬದಲಾಗುತ್ತದೆ.

ಆದರೆ ಯಾವ ಕಾಲದ ರಾಜಕೀಯ ಕಾದಂಬರಿಯ ಕೊನೆಯನ್ನು ಓದುವಾಗಲೂ ಮೂರು ಪ್ರಶ್ನೆಗಳನ್ನು ಕೇಳಬಹುದು. ಈ ಕೊನೆ ನಡೆದ ಸಂಗತಿಗೆ ನಿಷ್ಠವಾಗಿದೆಯೆ? ಎದುರು ಪಕ್ಷದವನನ್ನೂ ಮನುಷ್ಯನೆಂದು ಕಂಡಿದೆಯೆ? ಪುಸ್ತಕವನ್ನು ಮುಚ್ಚಿದ ಮೇಲೆ ಓದುಗನು ಯೋಚಿಸುವುದಕ್ಕೆ ಏನನ್ನಾದರೂ ಉಳಿಸಿದೆಯೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಆ ಕೊನೆ ಸುಖವೋ ದುಃಖವೋ ಎಂಬುದು ಮುಖ್ಯವಾಗುವುದಿಲ್ಲ. ಹಲಗಲಿಯ ಲಾವಣಿಕಾರನು ಬೂದಿಯಾದ ಊರನ್ನು ಹಾಡಿ ನಿಲ್ಲಿಸಿದನು. ‘ಚಿರಸ್ಮರಣೆ’ ಗಲ್ಲಿಗೇರಿದ ನಾಲ್ವರನ್ನು ಓದುಗರ ನೆನಪಿಗೆ ಒಪ್ಪಿಸಿತು. ಸೋತವರ ಮಾತನ್ನು ಮುಂದಿನವರ ಕಿವಿಗೆ ಮುಟ್ಟಿಸುವುದು ಸಾಹಿತ್ಯ ಮಾಡಬಲ್ಲ ದೊಡ್ಡ ಕೆಲಸಗಳಲ್ಲಿ ಒಂದು.